ಎಡಹುಬ್ಬಿನ ಗಾಯ

ಕಂಚಿನ ದೊರೆಯ ಎಡಹುಬ್ಬಿನ ಮೇಲೊಂದು ಗಾಯವಿದೆ, ನೋಡಿ.
ಕಣಿವೆಯ ಕಾಳಗದಲ್ಲಿ ನಾಡಿಗಾಗಿ ತಿಂದ ಪೆಟ್ಟು
ಎನ್ನುತ್ತಾರೆ ಒಂದು ಬಾವುಟದವರು.
ಕಣ್ಣು ಕೀಳಿಸುವಾಗ ಒಡಹುಟ್ಟಿದವನೇ ಪರಚಿದ್ದು
ಎನ್ನುತ್ತಾರೆ ಇನ್ನೊಂದು ಬಾವುಟದವರು.
ಟಿಬಿಲಿಸಿಯಿಂದ ಬಂದ ಪ್ರೊಫೆಸರು
ಎರಡು ತಾಸು ಅದರ ಮೇಲೇ ಮಾತಾಡಿದರು,
ನೀರು ಕುಡಿದು ಕುಡಿದು.

ಅದು ನನ್ನ ಗಂಡ ವರ್ಲಾಮನಿಗೆ
ಹದಿನಾಲ್ಕನೇ ವಯಸ್ಸಿನಲ್ಲಿ
ರೊಟ್ಟಿ ಒಲೆಯ ಬಾಯಿಗೆ ಬಗ್ಗಿದಾಗ ತಾಗಿದ್ದು.

ದೊರೆಯ ಮುಖ ಕಂಡವರು ಯಾರು?
ಎಂಟುನೂರು ವರ್ಷ. ಚರ್ಚಿನ ಗೋಡೆಯ ಚಿತ್ರವನ್ನು
ತೇವ ತಿಂದು ಗಡ್ಡವೊಂದೇ ಉಳಿದಿತ್ತು.
ನನ್ನ ತಮ್ಮ ಓಟಿಯನಿಗೆ ಸಮಿತಿ ಕೊಟ್ಟದ್ದು
ಮೂರು ತಿಂಗಳು, ಅರ್ಧ ದುಡ್ಡು.
ಬೆಳಗ್ಗೆ ರೊಟ್ಟಿ ಕೊಡಲು ಬಂದ ಭಾವನನ್ನೇ
ಸ್ಟೂಲಿನ ಮೇಲೆ ಕೂರಿಸಿ, ಸ್ವಲ್ಪ ಸಿಟ್ಟಾಗು ಅಂದನಂತೆ.
ಸಿಟ್ಟು ಬಾರದ ಪ್ರಾಣಿ ಅದು.
ಬಾಕಿ ಉಳಿಸಿಕೊಂಡವರ ಹೆಸರು ನೆನೆಸಿಕೋ ಅಂದಮೇಲೆ
ಹುಬ್ಬು ಅಷ್ಟು ಗಂಟಿಕ್ಕಿತು.
ಅದನ್ನೇ ಈಗ ಮಕ್ಕಳ ಪುಸ್ತಕದಲ್ಲಿ
ರಾಜತೇಜಸ್ಸು ಎಂದು ಅಚ್ಚು ಹಾಕಿದ್ದಾರೆ.
ಹೋದ ಸರ್ಕಾರದ ಪುಸ್ತಕದಲ್ಲಿ ಕ್ರೌರ್ಯ ಅಂತಿತ್ತು.
ಚಿತ್ರ ಅದೇ.

ಚುನಾವಣೆ ಹತ್ತಿರವಾದರೆ ಇವರು ಲಿಲ್ಲಿ ಹೂ ತರುತ್ತಾರೆ
(ಲಿಲ್ಲಿಯೆಂದರೆ ವರ್ಲಾಮನಿಗೆ ಸೀನು),
ಅವರು ಕೆಂಪು ಬಣ್ಣದ ಡಬ್ಬ.
ನಾನು ಸೀಮೆಎಣ್ಣೆ, ಅವನದೇ ಒಂದು ಹಳೇ ಬನಿಯನ್ನು.
ಏಣಿ ಹಿಡಿಯುವವನು ಪಹರೆಯ ಪೊಲೀಸು ಗೆಲಾ;
ನೀನು ಯಾವ ಕಡೆಯವಳು ಬೆಬಿಯಾ, ಎಂದು ಕೆದಕುತ್ತಾನೆ.
ಎಡಗಿವಿಯ ಕಡೆಯವಳು, ಅಲ್ಲಿನ್ನೂ ಬಣ್ಣವಿದೆ,
ಏಣಿ ಅತ್ತ ಸರಿಸು.

ಕಳೆದ ಮಾರ್ಚಿನಲ್ಲಿ, ರಿಯೋನಿ ಹೊಳೆ ಕದಡಿ ಹರಿಯುವಾಗ,
ಮೇಲಿನ ಕಣಿವೆಯವಳೊಬ್ಬಳು ಬಂದು ಕೆಳಗೆ ನಿಂತಳು.
ಕರಿ ವಸ್ತ್ರ, ಕೈಯಲ್ಲಿ ಚೀಸಿನ ಚೀಲ. ಸಂತೆಗೆ ಬಂದವಳಿರಬೇಕು.
ಬಾವುಟವಿಲ್ಲ, ಡಬ್ಬವಿಲ್ಲ.
ನಮ್ಮಲ್ಲಿ ಸಾವಿನ ಮನೆಯಲ್ಲಿ ಇಂದಿಗೂ
ಹದಿನೇಳು ಊರಿನ ಹೆಸರು ಹೇಳಿ ಅಳುತ್ತೇವೆ, ಅಂದಳು.
ಒಂದೂ ಈಗಿಲ್ಲ. ಸುಟ್ಟವನು ಇವನು.
ಅವಳು ನೋಡುತ್ತಿದ್ದುದು ನಾನು ಒರೆಸುತ್ತಿದ್ದ ಮುಖವನ್ನು.

ಇರುವೆ ಸಾಲಿಗೆ ಹಿಟ್ಟು ಉದುರಿಸುತ್ತಿದ್ದವನಮ್ಮಾ ಇವನು
ಎನ್ನಲು ಬಾಯಿ ತೆರೆದೆ.
ತೆರೆದದ್ದು ಹಾಗೇ ಮುಚ್ಚಿತು.
ಅವಳು ಒಂದೊಂದಾಗಿ ಊರುಗಳನ್ನು ಹೇಳಿದಳು.
ಏಣಿಯ ಮೇಲೇ ನಿಂತು ಕೇಳಿದೆ. ಕಾಲು ಜೋಮು ಹಿಡಿಯಿತು.

ಮಂಗಳವಾರ ಸಭೆಯಂತೆ, ಇರಿಸುವುದೋ ಕೆಡಹುವುದೋ.
ನನ್ನನ್ನು ಯಾರೂ ಕರೆದಿಲ್ಲ.
ನಾನು ಈಗಲೂ ಮುಖ ಒರೆಸುತ್ತೇನೆ, ಕಿವಿಯ ಹಿಂದೆಯೂ.
ಕತ್ತಿ ಹಿಡಿದ ಕೈಗಳಿಗೆ ಬಿದ್ದ ಕೆಂಪನ್ನು
ಅವತ್ತಿನಿಂದ ಮುಟ್ಟಿಲ್ಲ.
ಆ ಕೈ ವರ್ಲಾಮನದಲ್ಲ;
ತಮ್ಮ ಅವನ್ನು ಇನ್ನೆಲ್ಲಿಂದಲೋ ತಂದದ್ದು.