ಇಪ್ಪತ್ತೇಳು ಬಾಟಲಿ

ಗ್ರಾಮಸಭೆಯಲ್ಲಿ ಮೆಂಬರ್ ರುಕ್ಮಾಂಗದಣ್ಣ ಎದ್ದು ನಿಂತು
ಮೈಕಿಗೆ ಎರಡು ಸಲ ಊದಿ ಹೇಳಿದ:
ಪಿಂಚಣಿ ತಗೊಳ್ಳೋರು, ಅಕ್ಕಿ ತಗೊಳ್ಳೋರು
ಮೊದಲು ಉಚ್ಚೆ ಕೊಡಲಿ.
ಕುಡುಕರಿಗೆ, ಗಾಂಜಾದವರಿಗೆ ನಮ್ಮ ತೆರಿಗೆ ಯಾಕೆ?

ಹೆಂಗಸರ ಸಾಲು ಸೆರಗಿನೊಳಗೆ ನಕ್ಕಿತು.
ಅವನು ನಗಲಿಲ್ಲ. ಹೋದ ಮಳೆಗಾಲ ಅವನ ತಮ್ಮನನ್ನು
ಬ್ರಾಂದಿ ಅಂಗಡಿ ಹಿಂದಿನ ಚರಂಡಿಯಿಂದ
ಎತ್ತಿ ತಂದದ್ದು ಊರಿಗೆಲ್ಲ ಗೊತ್ತು.

ಎಲ್ಲರೂ ನನ್ನ ಕಡೆ ತಿರುಗಿದರು.
ನಾನು ಆಸ್ಪತ್ರೆಯ ಲ್ಯಾಬಿನವಳು, ಸಭೆಗೆ ಬಂದದ್ದು
ಮಂಗನ ಕಾಯಿಲೆಯ ಕರಪತ್ರ ಹಂಚಲಿಕ್ಕೆ:
ಕಾಡಿಗೆ ಹೋಗುವಾಗ ಎಣ್ಣೆ ಹಚ್ಚಿ, ಉಣುಗು ಕಚ್ಚಿದರೆ ಹೇಳಿ.
"ಟೆಸ್ಟ್ ಮಾಡ್ಲಿಕ್ಕೆ ಆಗ್ತದಾ ಸಿಸ್ಟರ್?"
ಸಿಸ್ಟರ್ ಅಲ್ಲ ನಾನು. ಆದರೂ ಎದ್ದು ಹೇಳಿದೆ:
ಬಾಟಲಿ ಇರುವುದು ಇಪ್ಪತ್ತೇಳು,
ಮುಂದಿನದ್ದು ಶಿವಮೊಗ್ಗದಿಂದ ಬರಬೇಕು.
ಪಟ್ಟಿಯಲ್ಲಿ ಹೆಸರು ಮುನ್ನೂರ ಹನ್ನೆರಡು.

"ಹಾಗಾದ್ರೆ ಅನುಮಾನ ಇದ್ದವರದ್ದು ಸಾಕು."

ಅನುಮಾನ ಎಂದದ್ದೇ ತಡ
ಕಣ್ಣುಗಳೆಲ್ಲ ತಾವಾಗಿ ಹಿಂದಿನ ಬೆಂಚಿಗೆ ಹೋದವು,
ಕೊಟ್ಟಿಗೆಯ ದಾರಿ ಗೊತ್ತಿದ್ದ ದನಗಳ ಹಾಗೆ.
ತುಂತುರು ನೀರಾವರಿಯ ಪೈಪಿಗೆ ಸಬ್ಸಿಡಿ ಪಡೆದವರು
ಮುಂದಿನ ಕುರ್ಚಿಗಳಲ್ಲೇ ಕೂತಿದ್ದರು.
ಅವರ ಕಡೆ ಒಂದೂ ಹೋಗಲಿಲ್ಲ.

ಗುತ್ಯಮ್ಮ ಎದ್ದಳು.
"ನನ್ನ ಗಂಡಂದು ತಗೊಳ್ಳಿ, ಬೇಕಾದ್ರೆ ಎರಡು ಬಾಟ್ಲಿ.
ಕುಡೀತಾನೆ, ನಾನೇ ಬರ್ದು ಕೊಡ್ತೆ.
ನನ್ನ ಎರಡು ಸಾವಿರಾನೂ ಕಸ್ಕೊಂಡು ಕುಡೀತಾನೆ.
ಆದ್ರೆ ಅಕ್ಕಿ ನಿಲ್ಸಿದ್ರೆ
ಅವ ಹೇಗೂ ಎಲ್ಲೋ ಬಿದ್ದಿರ್ತಾನೆ,
ಹಸಕೊಂಡು ಮಲಗೂದು ಯಾರು, ಅದನ್ನ ಹೇಳಿ."

ರುಕ್ಮಾಂಗದಣ್ಣ ಮೈಕಿನ ವೈರನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.
"ಮತ್ತೆಂತ ಮಾಡೂದು?" ಎಂದ. ಮೈಕಿಗಲ್ಲ,
ನಮಗೂ ಅಲ್ಲ.
ಆ ಪ್ರಶ್ನೆ ನಿಜದ್ದು. ನನಗೆ ಉತ್ತರ ಗೊತ್ತಿರಲಿಲ್ಲ.

ನನ್ನಪ್ಪನ ಬಾಯಿ ಹತ್ತು ವರ್ಷ ವಾಸನೆ ಹೊಡೆಯಿತು.
ಕಾರ್ಡು ಅವನ ಹೆಸರಲ್ಲೇ ಇತ್ತು.
ಆ ಅಕ್ಕಿಯ ಗಂಜಿ ಕುಡಿದೇ ನಾನು
ಬಾಟಲಿಯ ಮೇಲೆ ಬೇರೆಯವರ ಹೆಸರನ್ನು
ತಪ್ಪಿಲ್ಲದೆ ಬರೆಯುವುದು ಕಲಿತದ್ದು.
ಇದನ್ನು ಸಭೆಯಲ್ಲಿ ಹೇಳಬೇಕಿತ್ತು.
ಉಳಿದ ಕರಪತ್ರ ಎಣಿಸುತ್ತಾ ಕೂತೆ.

ನಡಾವಳಿ ಪುಸ್ತಕದಲ್ಲಿ ಕಾರ್ಯದರ್ಶಿ ಬರೆದರು:
'ಪರಿಶೀಲಿಸುವುದು.' ಚಹಾ ಬಂತು.

ಮರುದಿನ ಲ್ಯಾಬಿನ ಬೀಗ ತೆಗೆಯುವ ಮೊದಲೇ
ಹೊಳಿಯಪ್ಪಜ್ಜ ಮೆಟ್ಟಿಲ ಮೇಲೆ.
ಲಾಂಚಿನ ಮೊದಲ ಟ್ರಿಪ್ಪಿಗೆ ಹಿನ್ನೀರು ದಾಟಿ ಬಂದಿದ್ದ.
ಕೆಮ್ಮಿನ ಔಷಧಿಯ ಹಳೇ ಶೀಶೆ, ಬಾಯಿಗೆ ಬಟ್ಟೆ ತುರುಕಿ,
ಬಾಳೆಲೆಯಲ್ಲಿ ಸುತ್ತಿ,
ಎರಡೂ ಕೈಯಲ್ಲಿ ಹಿಡಿದಿದ್ದ, ಮೊಟ್ಟೆ ಹಿಡಿದ ಹಾಗೆ.
"ತಗಾ ಮಗಾ. ಆಮೇಲೆ ಪಿಂಚಣಿ ನಿಲ್ಲೂದು ಬ್ಯಾಡ."

ಯಾರೂ ಕೇಳಿಲ್ಲವಲ್ಲ ಅಜ್ಜ, ಅಂದೆ.
"ಕೇಳ್ತಾರೆ. ಕೇಳಿದಾಗ ಬರೂದಿಲ್ಲ ಅದು."
ಸ್ವಲ್ಪ ತಡೆದು:
"ಕವಳಕ್ಕೆ ಹೊಗೆಸೊಪ್ಪು ಹಾಕ್ತೆ. ಅದು ಕಂಡ್ರೆ ಬರಿಬ್ಯಾಡ."

ಎಸೆಯಲು ಕೈ ಬರಲಿಲ್ಲ.
ಅಮಲು ಹುಡುಕುವ ಪಟ್ಟಿ ನಮ್ಮಲ್ಲಿಲ್ಲ,
ಇದ್ದದ್ದು ಸಕ್ಕರೆಯದ್ದು. ಅದ್ದಿದೆ.
ತಿಳಿನೀಲಿ ಹಸಿರಾಯಿತು, ಹಸಿರು ಕಂದಾಯಿತು,
ಗಡಿಯಾರ ನೋಡುವಷ್ಟೂ ಕಾಯಲಿಲ್ಲ.

"ಸಿಕ್ತಾ?" ಅಂದ ಅಜ್ಜ,
ಏನೂ ಕದಿಯದ ಕಳ್ಳನ ಮುಖ ಮಾಡಿಕೊಂಡು.

ಸಿಕ್ಕಿತು ಅಜ್ಜ.
ಡಾಕ್ಟರು ಬರುವುದು ಗುರುವಾರ.