ಹೆಣದ ಪಾತ್ರ

ಇಂಗಳದಾಳಿನ ಹಳೇ ಗಣಿಯ ಬಾಯಲ್ಲಿ
ನಾನು ಸತ್ತು ಬಿದ್ದಿದ್ದೆ
ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡೂವರೆ,
ನಡುವೆ ಒಂದು ತಟ್ಟೆ ಚಿತ್ರಾನ್ನಕ್ಕೆ ಎದ್ದಿದ್ದು ಬಿಟ್ಟರೆ.
ಎಂಟುನೂರು ರೂಪಾಯಿ, ಊಟ ಬೇರೆ.
ಮಾತಿದ್ದರೆ ಸಾವಿರದಿನ್ನೂರಂತೆ;
ಹೆಣಕ್ಕೆ ಮಾತೆಲ್ಲಿಯದು.

ಸೀರಿಯಲ್ಲಿನಲ್ಲಿ ಪತ್ತೇದಾರರು ಇಬ್ಬರು:
ಗಾರ್ಗಿ ಅಂತ ಇನ್‌ಸ್ಪೆಕ್ಟರಮ್ಮ,
ಸುಮಂತ ಅಂತ ಕೆಲಸ ಕಳಕೊಂಡ ಫೋಟೋಗ್ರಾಫರ್.
ಅವಳು ಕಂಡಿದ್ದನ್ನು ಬರೆದುಕೊಳ್ಳುತ್ತಾಳೆ,
ಇವನು ಕಾಣದ್ದನ್ನು ಮೂಸುತ್ತಾನೆ.
ನಲವತ್ತಾರು ಕಂತು ಒಟ್ಟಿಗೆ ಟೀ ಕುಡಿದವರು
ನಲವತ್ತೇಳನೆಯದರಲ್ಲಿ
ನನ್ನ ಆಚೆಗೊಬ್ಬರು ಈಚೆಗೊಬ್ಬರು ನಿಂತು
ಬೇರೆಯಾಗಬೇಕಿತ್ತು.

"ಉಸಿರು ಹಿಡಿ ಪಾಲಯ್ಯ" ಅಂದರು ಡೈರೆಕ್ಟರು.
ಹಿಡಿದೆ.
ಇಪ್ಪತ್ತೆರಡು ವರ್ಷ ಕಂಡೋರ ಟ್ಯೂಬಿಗೆ ಗಾಳಿ ತುಂಬಿದವನು
ನನ್ನೆದೆಯಲ್ಲಿ ಒಂದು ನಿಮಿಷ ಇಟ್ಟುಕೊಳ್ಳಲಾರೆನೆ?

ಕಣ್ಣು ಮುಚ್ಚಿದರೆ ಕಿವಿ ದೊಡ್ಡದಾಗುತ್ತದೆ.
ಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆ ಸುಯ್ಯೆನ್ನುವುದು,
ಗಾರ್ಗಿಯ ಬೂಟಿನಡಿ ಜಲ್ಲಿ ಕರಕರ.
"ನೀನು ಮುಚ್ಚಿಟ್ಟೆ."
"ನೀನು ಕೇಳಲಿಲ್ಲ."
ಕಟ್.
"ನೀನು ಮುಚ್ಚಿಟ್ಟೆ." "ನೀನು ಕೇಳಲಿಲ್ಲ."
ಕಟ್. ಯಾವುದೋ ಲಾರಿ ಹಾರನ್ನು. ಮತ್ತೆ.
ಹನ್ನೊಂದು ಸಲ.
ಏಳನೇ ಸಲದ ಹೊತ್ತಿಗೆ
ಅದು ಅವರ ಮಾತಾಗಿ ಉಳಿದಿರಲಿಲ್ಲ.

ಚಳ್ಳಕೆರೆ ಗೇಟಿನ ಹತ್ತಿರ ನಮ್ಮದೂ ಒಂದು ಜೋಡಿಯಿತ್ತು.
ಎರಡು ಹೆಸರು, ಒಂದೇ ಕಂಪ್ರೆಸರು:
ದಾದಾಪೀರ್ ಪಾಲಯ್ಯ ಪಂಕ್ಚರ್ ವರ್ಕ್ಸ್.
ಬಾಣಲಿಯ ನೀರಲ್ಲಿ ಟ್ಯೂಬು ಮುಳುಗಿಸಿ ತಿರುಗಿಸುವವನು ನಾನು.
ಅವನು ಬೀಡಿ ಕಚ್ಚಿ, ಕಣ್ಣು ಕಿರಿದು ಮಾಡಿ,
ಸಾಸಿವೆಯಷ್ಟು ಗುಳ್ಳೆ ಏಳುವ ಮುಂಚೆಯೇ
"ಅಲ್ಲಿ" ಅನ್ನುವನು.
ಕಿತ್ತ ಮೊಳೆಯನ್ನು ಉಗುರಲ್ಲಿ ಕೆರೆದು
"ಕೆಂಪು ಧೂಳು. ಹೊಸಪೇಟೆ ಕಡೆ ಗಾಡಿ" ಅನ್ನುವನು.
ಡ್ರೈವರ್ ಬೆರಗಾಗಿ ಐದು ರೂಪಾಯಿ ಜಾಸ್ತಿ ಕೊಡುವನು.

ಗಲ್ಲಾದಲ್ಲಿ ನಾಲ್ಕು ಸಾವಿರ ಕಡಿಮೆ ಬಂತು, ಅಷ್ಟೇ.
ನಾನು ಕೇಳಲಿಲ್ಲ.
ಅವನು ಹೇಳಲಿಲ್ಲ.
ಆ ತೂತು ಯಾವ ನೀರಲ್ಲಿ ಮುಳುಗಿಸಿದರೂ ಕಾಣುವಂಥದ್ದಲ್ಲ.
ಒಂದು ಸಂಜೆ ಬೋರ್ಡಿನ ಅರ್ಧಕ್ಕೆ ಬಣ್ಣ ಬಳಿದೆ,
ಬೆಳಗಾದರೆ ರಸ್ತೆಯಾಚೆ ಇನ್ನೊಂದು ಬಾಣಲಿ.
ಬರೋ ಯುಗಾದಿಗೆ ಮೂರು ವರ್ಷ.

ಶುಕ್ರವಾರ ಒಂಬತ್ತೂವರೆಗೆ ಕಂತು ಬಂತು.
ಓಣಿಯ ಅರ್ಧ ನಮ್ಮ ಪಡಸಾಲೆಯಲ್ಲಿ,
ಬಾಗಿಲ ಹೊರಗೆ ನಲವತ್ತು ಚಪ್ಪಲಿ.
ಅಪಶಕುನ, ನೋಡೋದಿಲ್ಲ ಅಂತ ಮಧ್ಯಾಹ್ನದಿಂದ ಹಟ ಹಿಡಿದ ಮಾರಕ್ಕ
ನಾನು ಟೀವಿಯಲ್ಲಿ ಬಿದ್ದಿದ್ದ ಹೊತ್ತಿಗೆ
ಪಕ್ಕದಲ್ಲಿ ಕೂತ ನನ್ನ ಮಣಿಕಟ್ಟು ಹಿಡಿದು
ನಾಡಿಯನ್ನೇ ನೋಡುತ್ತಿದ್ದಳು.

ಏಳು ತಾಸಿನ ಸಾವು ನಲವತ್ತು ಸೆಕೆಂಡು.
ಹನ್ನೊಂದನೆಯ ಕಟ್ ಆದಮೇಲೂ
ಆ ಹುಡುಗಿಗೆ ಅಳು ನಿಲ್ಲದೆ ಹೋಗಿದ್ದು,
ಆ ಹುಡುಗ ನನ್ನ ಮೇಲಿಂದಲೇ ನೀರಿನ ಬಾಟಲಿ ದಾಟಿಸಿದ್ದು,
ನಾಲ್ಕು ಹನಿ ನನ್ನ ಗಲ್ಲಕ್ಕೆ ಬಿದ್ದಿದ್ದು,
ತಣ್ಣಗೆ,
ಅದೊಂದನ್ನೂ ತೋರಿಸಲಿಲ್ಲ.
ಗಾರ್ಗಿ ಜೀಪು ಹತ್ತಿದಳು.
ಸುಮಂತ ಧೂಳಿನಲ್ಲಿ ಸಣ್ಣವನಾದ.
ಸೋಪಿನ ಜಾಹೀರಾತು.

ಚಪ್ಪಲಿಗಳು ಹೋದವು.
ಹತ್ತೂಕಾಲಿಗೆ ಫೋನು.
ನಂಬರಿಗೆ ಹೆಸರಿರಲಿಲ್ಲ, ಅಳಿಸಿದ್ದೆ;
ಬೆರಳಿಗೆ ಗೊತ್ತಿತ್ತು.

"ನೋಡ್ದೆ ಕಣೋ."
"ಹ್ಞೂಂ."
"ಹೆಣ ಉಸಿರಾಡ್ತಿತ್ತು."
"ಯಾರಿಗೂ ಕಾಣ್ಲಿಲ್ಲ."
"ಎಡಗಡೆ ಪಕ್ಕೆ. ಮೂರನೇ ಗುಂಡಿ ಹತ್ರ.
ಗುಳ್ಳೆಯಷ್ಟು."

ನಾಲ್ಕು ಸಾವಿರದ ಮಾತು
ಅವನೂ ಎತ್ತಲಿಲ್ಲ, ನಾನೂ.
ಫೋನಿನೊಳಗೆ ಅವನ ಬೀಡಿ ಒಮ್ಮೆ ಕೆಮ್ಮಿತು,
ಹೆದ್ದಾರಿಯಲ್ಲಿ ಗಾಡಿಯೊಂದು ಇಬ್ಬರ ಕಿವಿಯನ್ನೂ ದಾಟಿಕೊಂಡು ಹೋಯಿತು.
ಉಸಿರು ಹಿಡಿದು ಕೂತೆವು.

ಯಾರೂ ಕಟ್ ಅನ್ನಲಿಲ್ಲ.