ಎರಡು ಬೆರಳು ದೊಡ್ಡದು

ಕುಂಞಾಲಿಯವರು ಕೊಕ್ಕೆಕೋಲು ಎತ್ತಿ
ಕೆಂಪು ಕಪ್ಪು ಚೌಕಳಿಯ ಫ್ಲಾನೆಲ್ ಅಂಗಿ ಇಳಿಸಿದರು.
ಸುಂಟಿಕೊಪ್ಪದ ಭಾನುವಾರ, ಸಂತೆಯ ಗದ್ದಲ,
ಅಂಗಡಿಯೊಳಗೂ ಒಣಮೀನಿನ ವಾಸನೆ.
ಗಂಡಸರ ಅಂಗಿ. ಯಾರಿಗೆ ಎಂದು ಅವರು ಕೇಳಲಿಲ್ಲ.
ನವೆಂಬರ್ ಕೊನೆಗೆ ಬರುವ ಹೆಂಗಸರೆಲ್ಲ
ಸೀರೆಯ ಮೇಲೆ ತೊಡಲಿಕ್ಕೇ ಒಯ್ಯುವವರು.

"ನಂಬರ್ ಎಷ್ಟು, ಲೋಲಾಕ್ಷಿ?"

ನನಗೆ ನಂಬರ್ ಇಲ್ಲ.
ಒಂಬತ್ತು ವರ್ಷ ತೊಟ್ಟದ್ದು ಅಣ್ಣ ಬಿಟ್ಟದ್ದು, ಭಾವ ಬಿಟ್ಟದ್ದು,
ಒಮ್ಮೆ ರೈಟರ ಹೆಂಡತಿ ಕೊಟ್ಟದ್ದು, ಜೇಬಿನ ಬಸ್ ಟಿಕೆಟ್ ಸಮೇತ.
ಕಾಲರಿನ ಒಳಗೆ ಏನು ಬರೆದಿದೆಯೆಂದು
ಯಾವತ್ತೂ ನೋಡಿರಲಿಲ್ಲ.
ಬಂದ ಅಂಗಿಗೆ ನಾನೇ ಹೊಂದಿಕೊಳ್ಳುತ್ತಿದ್ದೆ.

ಮೂವತ್ತೆಂಟು ಹಾಕಿದೆ. ಸರಿಯಾಗಿ ಕೂತಿತು.
"ಸರಿಯಾಗಿ ಕೂತರೆ ಚಿಕ್ಕದು ಅಂತ ಅರ್ಥ.
ದಪ್ಪ ಬಟ್ಟೆ. ಮೊದಲ ಒಗೆತಕ್ಕೆ ಒಂದು ಬೆರಳು,
ಎರಡನೆಯದಕ್ಕೆ ಅರ್ಧ, ಆಮೇಲೆ ಅದರ ಮನಸ್ಸು.
ಬಿಸಿನೀರು ಮಾತ್ರ ತೋರಿಸಬೇಡ."

ನಲವತ್ತು ಹಾಕಿ ಕೈ ಎತ್ತಿದೆ,
ಗಿಡದ ನೆತ್ತಿಯ ರೆಕ್ಕೆ ಬಗ್ಗಿಸುವಷ್ಟು ಎತ್ತರಕ್ಕೆ.
ಅಂಗಡಿಯ ನಡುವೆ, ಕಾಫಿಯಿಲ್ಲದ ಗಾಳಿಯಲ್ಲಿ
ಬೆರಳುಗಳು ತಾವಾಗಿಯೇ ಹಣ್ಣು ಬಿಡಿಸತೊಡಗಿದವು.
ಪಕ್ಕದಲ್ಲಿ ಲುಂಗಿ ಆರಿಸುತ್ತಿದ್ದವನು ನಕ್ಕ. ನಗಲಿ.
ತೋಳು ಮಣಿಕಟ್ಟಿನಿಂದ ಮೂರು ಬೆರಳು ಮೇಲೆ ಸರಿಯಿತು.
ಆ ಮೂರು ಬೆರಳಿನ ಜಾಗ
ಕೆಂಜಿಗಗಳಿಗೆ ಚೆನ್ನಾಗಿ ಗೊತ್ತು.

ನಲವತ್ತೆರಡು.
ಅದರ ಭುಜ ನನ್ನ ಭುಜ ದಾಟಿ ಜಾರಿತು,
ತೋಳಿನ ತುದಿಯಲ್ಲಿ ಉಗುರು ಮಾತ್ರ ಕಂಡವು.
ಇಷ್ಟು ಸಡಿಲಾದರೆ ಕೈ ಎತ್ತಿದಾಗೆಲ್ಲ
ಎಲೆಯ ಮೇಲಿನ ಇಬ್ಬನಿ ತೋಳೊಳಗೆ ಇಳಿದು
ಕಂಕುಳವರೆಗೂ ಬರುತ್ತದೆ.

ಆಗ ಪಾಪಾತಿ ತನ್ನದನ್ನು ಕಳಚಿ ಮೇಜಿನ ಮೇಲೆ ಹಾಸಿದಳು.
ಇದೇ ಅಂಗಡಿಯದು, ಇದೇ ನಂಬರಿನದು,
ನಾಲ್ಕು ಕೊಯ್ಲು ಕಂಡು ಕಂಬಳಿಯಂತಾದದ್ದು.
ಹೊಸದರ ಮೇಲೆ ಅದನ್ನು ಮಲಗಿಸಿ
ತೋಳಿಗೆ ತೋಳು ಕೂಡಿಸಿ, ಉಳಿದ ಅಂಚಿಗೆ ಬೆರಳಿಟ್ಟಳು.
ಹಣ್ಣಿನ ರಸಕ್ಕೆ ಕಪ್ಪಾದ, ಯಾವ ಸೋಪಿಗೂ ಬಗ್ಗದ ಬೆರಳು.
"ಎರಡು," ಎಂದಳು.
ಟೇಪು ಹಿಡಿದು ನಿಂತಿದ್ದ ಕುಂಞಾಲಿ
ಅದನ್ನು ಸುಮ್ಮನೆ ಕೊರಳಿಗೆ ಹಾಕಿಕೊಂಡರು.

ಲೈನ್‌ಮನೆಗೆ ಬಂದು ಆ ರಾತ್ರಿಯೇ ನೆನೆಸಿದೆ.
ಹೊರಗೆ ಮಂಜು; ಒಲೆಯ ಮೇಲಿನ ಹಗ್ಗದಲ್ಲಿ ಮೂರು ದಿನ
ತೊಟ್ಟಿಕ್ಕಿ ತೊಟ್ಟಿಕ್ಕಿ ಬೂದಿಯಲ್ಲೊಂದು ಗುಳಿ ಮಾಡಿತು.
ನಾಲ್ಕನೆಯ ಬೆಳಗ್ಗೆ ತೊಟ್ಟೆ. ಹೊಗೆ ವಾಸನೆ.
ಕುಗ್ಗಿರಲಿಲ್ಲ.

ಎರಡನೆಯ ಭಾನುವಾರ ಬಿಸಿನೀರಿಗೇ ಹಾಕಿದೆ, ಹೇಳದೆ.
ಮೂರನೆಯದಕ್ಕೆ ಕಲ್ಲಿನ ಮೇಲೆ ಬಡಿದೆ.
ಬಣ್ಣ ಸ್ವಲ್ಪ ಬಿಟ್ಟಿತು, ಅಳತೆ ಬಿಡಲಿಲ್ಲ.
ತೋಳನ್ನು ಎರಡು ಮಡಿಕೆ ಮಡಚಿ ರಬ್ಬರ್ ಬ್ಯಾಂಡ್ ಹಾಕಿದೆ.
ದಿನವೂ ಪಾಪಾತಿ ಬೆರಳಿಟ್ಟು ನೋಡುತ್ತಾಳೆ;
ಲೆಕ್ಕ ತಪ್ಪಿದ್ದಕ್ಕೆ ನನಗಿಂತ ಅವಳಿಗೇ ಸಿಟ್ಟು.

ಹೊಟ್ಟೆಯ ಬಳಿ ಉಳಿದ ಜಾಗಕ್ಕೆ ಏನು ಮಾಡಲಿ?
ಬಾಳೆಲೆಯಲ್ಲಿ ಕಟ್ಟಿದ ಬಿಸಿ ಅಕ್ಕಿರೊಟ್ಟಿ
ಅಲ್ಲಿಟ್ಟು, ಗುಂಡಿ ಹಾಕಿ, ಮೇಲೊಂದು ಟವೆಲ್ ಬಿಗಿದೆ.
ಮಂಜಿನಲ್ಲಿ ಟಾರ್ಪಾಲು ಹಾಸುವಾಗ,
ಮೊದಲ ಗಿಡಕ್ಕೆ ಕೈ ಎತ್ತುವಾಗ
ಒಳಗೊಂದು ಬೆಕ್ಕಿನ ಮರಿ ಮಲಗಿದ ಹಾಗೆ.
ಒಂಬತ್ತಕ್ಕೆ ಬಿಚ್ಚಿದರೆ ರೊಟ್ಟಿ ಇನ್ನೂ ಮೆತ್ತಗೆ.
ಈಗ ಪಾಪಾತಿಯ ರೊಟ್ಟಿಯೂ ಅಲ್ಲೇ.
ಅವಳ ಅಂಗಿಯಲ್ಲಿ ಜಾಗ ಎಲ್ಲಿದೆ?

ಮೊನ್ನೆ ಸಂತೆಯಲ್ಲಿ ಕುಂಞಾಲಿ ಕೇಳಿದರು, "ಕುಗ್ಗಿತಾ?"
ಇಲ್ಲ ಎಂದೆ.
"ಕುಗ್ಗತ್ತೆ," ಎಂದರು, ತುಸು ನೊಂದವರಂತೆ,
"ಫೆಬ್ರವರಿ ಬರಲಿ, ನೋಡು."

ಹೂಂ ಅಂದು ಬಂದೆ.
ಈಗ ತಣ್ಣೀರಿನಲ್ಲೇ ಒಗೆಯುತ್ತೇನೆ,
ಹಿಂಡದೆ.